ನಂಜಮ್ಮಜ್ಜಿ ನೂತ ಶಿವದಾರ

ನಂಜಮ್ಮಜ್ಜಿ ಕಾಫಿ ಕೊಟ್ಟರೆ ಅರ್ಧ ಲೋಟದಲ್ಲಿರುತ್ತಿತ್ತು, ಅರ್ಧ ನಮ್ಮ ಮಡಿಲಲ್ಲಿ. ಅವರ ಮನೆಗೆ ಹೋಗುವಾಗ ಒಳ್ಳೆಯ ಸೀರೆ ಉಡಬಾರದು ಎಂಬುದು ಚಾಮರಾಜಪೇಟೆಯ ನಮ್ಮ ವಠಾರದ ಹೆಂಗಸರಿಗೆಲ್ಲ ಗೊತ್ತಿತ್ತು. ಮಕ್ಕಳನ್ನು ಕರೆದು ಹಣೆಗೆ ವಿಭೂತಿ ಇಡಲು ಬಂದರೆ ಅದು ಮೂಗಿನ ಮೇಲೆ ಬೀಳುತ್ತಿತ್ತು. ಸಾರು ಬಡಿಸಿದರೆ ಎಲೆಯ ಆಚೆಗೂ ಹರಿಯುತ್ತಿತ್ತು. "ಪಾಪ, ಅಜ್ಜಿಗೆ ಕೈ ಸ್ವಾಧೀನ ಇಲ್ಲ" ಎನ್ನುತ್ತ ನನ್ನ ಅವ್ವ ನನ್ನ ಲಂಗದ ಮೇಲಿನ ಕಾಫಿ ಕಲೆ ಉಜ್ಜುತ್ತಿದ್ದಳು.

ಆದರೆ ಅದೇ ಮನೆಯಿಂದ ಬರುತ್ತಿದ್ದ ಶಿವದಾರ ನೋಡಿದರೆ ಯಾರಿಗಾದರೂ ತಲೆ ಕೆಡಬೇಕು. ನಮ್ಮವರಲ್ಲಿ ಲಿಂಗದ ಕರಡಿಗೆಯನ್ನು ಎದೆಯ ಮೇಲೆ ಧರಿಸುವುದು ಈ ಹತ್ತಿಯ ದಾರದಿಂದ. ಅದು ಕಿತ್ತು ಲಿಂಗ ನೆಲಕ್ಕೆ ಬಿತ್ತೆಂದರೆ ಮನೆ ಮಂದಿಯೆಲ್ಲ ಊಟ ಬಿಟ್ಟು ಕೂರುವ ಕಾಲ ಅದು. ಅಜ್ಜಿಯ ದಾರ ಕಿತ್ತದ್ದನ್ನು ಕಂಡವರೇ ಇರಲಿಲ್ಲ. ಕೂದಲಿನಷ್ಟು ಸಣ್ಣ ಎಳೆಗಳನ್ನು ನೂತು, ಹಲವು ಎಳೆ ಸೇರಿಸಿ ಹೊಸೆದು, ಒಂದು ಗಂಟೂ ಕೈಗೆ ಸಿಗದ ಹಾಗೆ ಮಾಡಿ ಕೊಡುತ್ತಿದ್ದರು. ದೀಕ್ಷೆ ಅಂತ, ಮದುವೆ ಅಂತ ಬಸವನಗುಡಿಯಿಂದ, ಪೇಟೆಯಿಂದ ಜನ ಬಂದು ಅವರ ಜಗಲಿಯ ಮೇಲೆ ಕೂತು ಕೇಳಿ ಒಯ್ಯುತ್ತಿದ್ದರು. ಗಂಡನಿಲ್ಲದ, ಮಕ್ಕಳಿಲ್ಲದ, ಮೈದುನನ ಮಗ ಕಳಿಸುವ ದವಸದಲ್ಲಿ ಬದುಕುತ್ತಿದ್ದ ಆ ಒಂಟಿ ಮುದುಕಿಯನ್ನು ಮದುವೆ ಮನೆಗಳಲ್ಲಿ ಕೈ ಹಿಡಿದು ಕರೆದು ಮುಂದೆ ಕೂರಿಸುತ್ತಿದ್ದದ್ದು ಈ ಒಂದು ದಾರಕ್ಕಾಗಿ. ಅದು ಅವರಿಗೂ ಗೊತ್ತಿತ್ತು.

ಕಾಫಿ ಲೋಟ ಹಿಡಿಯಲಾರದ ಕೈ ಇಂಥ ನೂಲು ಹೇಗೆ ತೆಗೆಯುತ್ತದೆ ಎಂದು ಯಾರೂ ಕೇಳಲಿಲ್ಲ. ಶಿವನ ಕೆಲಸ, ಶಿವನೇ ಕೈ ಹಿಡಿದು ಮಾಡಿಸುತ್ತಾನೆ ಎಂದು ಎಲ್ಲರೂ ಸಮಾಧಾನ ಮಾಡಿಕೊಂಡಿದ್ದರು. ಶಾಲೆಯಲ್ಲಿ ನೂಲುವ ಪಾಠ ಶುರುವಾಗುವ ತನಕ ನಾನೂ ಹಾಗೇ ಅಂದುಕೊಂಡಿದ್ದೆ.

ಸ್ವಾತಂತ್ರ್ಯ ಬರುವುದಕ್ಕೆ ಸ್ವಲ್ಪ ಮುಂಚಿನ ಮಾತು ಇದು. ಎಲ್ಲ ಕಡೆ ತಕಲಿಯ ಹುಚ್ಚು. ನಮ್ಮ ಶಾಲೆಯಲ್ಲೂ ಹುಡುಗಿಯರನ್ನು ಸಾಲಾಗಿ ಕೂರಿಸಿ ಕೈಗೊಂದು ತಕಲಿ ಕೊಟ್ಟರು. ಒಂದು ಕಬ್ಬಿಣದ ಕಡ್ಡಿ, ಅದರ ಬುಡದಲ್ಲೊಂದು ಹಿತ್ತಾಳೆ ಬಿಲ್ಲೆ, ಅಷ್ಟೇ ಯಂತ್ರ. ನೋಡಲು ಆಟದ ಸಾಮಾನು, ಕೈಗೆ ಬಂದರೆ ಪ್ರಾಣ ಹಿಂಡುತ್ತದೆ. ನನ್ನ ನೂಲು ಒಂದು ಕಡೆ ದೀಪದ ಬತ್ತಿಯಷ್ಟು ದಪ್ಪ, ಇನ್ನೊಂದು ಕಡೆ ಇದೆಯೋ ಇಲ್ಲವೋ. ನಮ್ಮ ಮೇಡಂ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಗಿರಿಜಾ, ಇದು ನೂಲಲ್ಲಮ್ಮ, ಕಂಬಳಿಹುಳ" ಎಂದರು. ಇಡೀ ತರಗತಿ ನಕ್ಕಿತು. ನಾನು ಅತ್ತುಕೊಂಡು ಮನೆಗೆ ಬಂದೆ. ಅವ್ವ ನನ್ನ ಕೈ ಹಿಡಿದುಕೊಂಡು ವಠಾರದ ಕೊನೆಯ ಮನೆಗೆ ಕರೆದೊಯ್ದಳು.

"ಇವಳಿಗೆ ಒಂಚೂರು ನೂಲೋದು ಹೇಳ್ಕೊಡಿ ಅಜ್ಜಿ" ಅಂದಳು.

ಅಜ್ಜಿ ನನ್ನನ್ನೂ ನೋಡಲಿಲ್ಲ, ಅವ್ವನನ್ನೂ ನೋಡಲಿಲ್ಲ. ತಮ್ಮ ಕೈ ನೋಡಿಕೊಂಡರು. "ನಂಗೆ ಮಾಡೋಕ್ಕೆ ಬರ್ತದೆ, ಹೇಳೋಕ್ಕೆ ಬರಲ್ಲ ಕಣವ್ವ" ಎಂದರು. ಅವ್ವ ಬಿಡಲಿಲ್ಲ.

ಪಾಠ ಶುರುವಾಯಿತು, ಜಗಲಿಯ ಮೇಲೆ, ಹೋಗಿ ಬರುವವರೆಲ್ಲ ನೋಡುವ ಹಾಗೆ. ಮೊದಲು ಹತ್ತಿಯಿಂದ ಬೀಜ ಬಿಡಿಸಬೇಕು. ಚಿತ್ರದುರ್ಗದ ಕಡೆಯ ನೆಂಟರು ಗೋಣಿಚೀಲದಲ್ಲಿ ಕಳಿಸುತ್ತಿದ್ದ ಹತ್ತಿ, ಕಾಯಿಯ ಸಿಪ್ಪೆಯ ಚೂರುಗಳೂ ಅದರಲ್ಲೇ. ಆಮೇಲೆ ಬೆರಳಲ್ಲಿ ಹಿಂಜಿ ಹಿಂಜಿ ಅರಳೆಯನ್ನು ಹೊಗೆಯ ಹಾಗೆ ಮಾಡಬೇಕು. ಅದನ್ನು ಕಡ್ಡಿಗೆ ಸುತ್ತಿ ಬೆರಳುದ್ದದ ಹಂಜಿ ಮಾಡಬೇಕು. ಅಲ್ಲಿಯ ತನಕ ಎಲ್ಲ ಸರಿಯಾಗಿತ್ತು. ತಕಲಿ ಕೈಗೆತ್ತಿಕೊಂಡ ಕೂಡಲೇ ಅಜ್ಜಿಯ ಮುಖ ಬೇರೆಯಾಗುತ್ತಿತ್ತು.

"ಹಿಂಗ್ ತಿರುಗಿಸು. ಬಿಗಿ ಹಿಡ್ಕೋ. ಅಯ್ಯೋ, ಯಾಕ್ ಅಷ್ಟ್ ಬಿಗಿ ಹಿಡೀತೀಯ, ಬಿಡು. ಬಿಡು ಅಂದ್ರೆ ಪೂರ್ತಿ ಬಿಟ್ಬಿಡೋದಾ?"

ಹಿಡಿಯಬೇಕೋ ಬಿಡಬೇಕೋ ನನಗೆ ತಿಳಿಯುತ್ತಲೇ ಇರಲಿಲ್ಲ. ಅವರು ಬಲಗೈಯಲ್ಲಿ ತಿರುಗಿಸಿ ತೋರಿಸಿದರೆ ಅವರ ಎಳೆಯೂ ಫಟ್ಟೆಂದು ಹರಿಯುತ್ತಿತ್ತು. ಅವರ ತಕಲಿಯೂ ನನ್ನದರಂತೆಯೇ ಉರುಳಿ ಮೆಟ್ಟಿಲಿಳಿದು ಬೀದಿಗೆ ಹೋಗುತ್ತಿತ್ತು. ಇವರು ಕಲಿಸುತ್ತಿದ್ದಾರೋ ನನ್ನ ಜೊತೆ ಕಲಿಯುತ್ತಿದ್ದಾರೋ? ಊರಿಗೆಲ್ಲ ದಾರ ಕೊಡುವ ಅಜ್ಜಿಯ ನೂಲೂ ಕಂಬಳಿಹುಳದ ಜಾತಿಯೇ ಎಂದು ಕಣ್ಣಾರೆ ಕಂಡ ಮೇಲೆ, ನಾನು ಯಾರನ್ನು ನಂಬಬೇಕೆಂದೇ ತೋಚದೆ ಕೂತಿರುತ್ತಿದ್ದೆ.

ಒಂದು ಮಧ್ಯಾಹ್ನ ನೀರು ಕುಡಿಯಲು ಹಿತ್ತಲ ಬಾಗಿಲಿಂದ ಒಳಗೆ ಹೋದೆ. ಅಡುಗೆಮನೆಯ ಬೆಳಕಿಂಡಿಯ ಕೆಳಗೆ ಅಜ್ಜಿ ಗೋಡೆಗೊರಗಿ ಕೂತಿದ್ದರು. ತಕಲಿ ಎಡಗೈಯಲ್ಲಿತ್ತು. ಬೆರಳು ಒಂದು ಸಲ ಚಿಟಿಕೆ ಹೊಡೆದ ಹಾಗೆ ಆಡಿತು, ತಕಲಿ ನೆಲದ ಮೇಲಿಟ್ಟ ಬಟ್ಟಲಲ್ಲಿ ನಿಂತಲ್ಲೇ ಸುತ್ತತೊಡಗಿತು. ಬಲಗೈ ಹಂಜಿ ಹಿಡಿದು ಮೇಲೇರಿತು. ನೂಲು ಬರುತ್ತಲೇ ಇತ್ತು, ಸಣ್ಣಗೆ, ಒಂದೇ ಸಮನೆ. ಅವರ ಮುಖದಲ್ಲಿ ಕಷ್ಟವೇ ಇರಲಿಲ್ಲ. ನಾನು ಅಲ್ಲಿಯವರೆಗೆ ನೋಡಿದ್ದ ಅಜ್ಜಿ ಬೇರೆ ಯಾರೋ ಅನ್ನಿಸಿತು.

ಅವರು ತಲೆಯೆತ್ತಿದರು. "ನೋಡ್ಬಿಟ್ಯಾ?"

"ಹೂಂ."

ಎದ್ದು ಹೋಗಿ ಹಿತ್ತಲ ಬಾಗಿಲಿಗೆ ಅಗಳಿ ಹಾಕಿದರು. ಬೈಯುತ್ತಾರೆಂದು ನಾನು ಗೋಡೆಗೆ ಸರಿದೆ. ಅವರು ಬಂದು ನನ್ನ ಎದುರಿಗೇ ಕೂತರು.

"ನಾನು ಹುಟ್ಟಾ ಎಡಚಿ ಕಣೇ. ಚಿಕ್ಕೋಳಾಗಿದ್ದಾಗ ಕೈಗೆ ಬಟ್ಟೆ ಕಟ್ಟಿ ನೋಡಿದ್ರು, ಹೋಗ್ಲಿಲ್ಲ. ಮದುವೆಯಾಗಿ ಬಂದ ದಿನ ನಮ್ಮತ್ತೆಗೆ ಮರೆತು ಎಡಗೈಲಿ ನೀರು ಕೊಟ್ಬಿಟ್ಟೆ. ಲೋಟ ಅಂಗಳಕ್ಕೆ ಎಸೆದ್ರು. ಅವತ್ತಿಂದ ಜನರ ಮುಂದೆ ಈ ಕೈ ಎತ್ತಿಲ್ಲ." ಎಡಗೈಯನ್ನು ಸೆರಗಿನೊಳಗೆ ಸೇರಿಸಿಕೊಂಡರು. "ಇದು ಎಡಗೈ ದಾರ ಅಂತ ಗೊತ್ತಾದ್ರೆ ಯಾರ್ ತಾನೇ ಎದೆ ಮೇಲೆ ಹಾಕ್ಕೊಳ್ತಾರೆ? ಹಾಕ್ಕೊಂಡಿರೋರೂ ಕಿತ್ತು ಬಾವಿಗೆ ಎಸೀತಾರೆ. ನನ್ನ ಆಮೇಲೆ ಯಾರು ಮನೆಗೆ ಕರೀತಾರೆ ಹೇಳು. ಹೊರಗೆ ನೋಡಿದ್ದು ಮರ್ತ್ಬಿಡು, ಒಳಗೆ ನೋಡಿದ್ದು ಹೇಳ್ಬೇಡ."

ನಾನು ಹೂಂ ಎಂದು, ಒಂದು ಚೊಂಬು ನೀರು ಮೊಗೆದು, ಒದ್ದೆಯಾದ ಬಲಗೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತ ಅವರಿಗೆ ಚಾಚಿದೆ. ಫಟ್ಟೆಂದು ಮಣಿಕಟ್ಟಿನ ಮೇಲೆ ಏಟು ಬಿತ್ತು. "ಎಡಗೈಲಿ ಕೊಡ್ತೀಯಾ? ಬುದ್ಧಿ ಇಲ್ವಾ ನಿಂಗೆ?"

ನನಗೆ ಅಳುವುದೋ ನಗುವುದೋ ಗೊತ್ತಾಗಲಿಲ್ಲ. ಈ ಅಜ್ಜಿಯನ್ನು ಅರ್ಥ ಮಾಡಿಕೊಳ್ಳುವ ನನ್ನ ಪ್ರಯತ್ನ ಅಂದು ಶುರುವಾದದ್ದು ಇಂದಿಗೂ ಮುಗಿದಿಲ್ಲ. ಎಡಗೈ ಮೈಲಿಗೆಯೆಂದು ಅವರು ನಂಬಿದ್ದರೆ ಲಿಂಗದ ದಾರವನ್ನು ಅದೇ ಕೈಯಲ್ಲಿ ನೂಲುವ ಧೈರ್ಯ ಎಲ್ಲಿಂದ ಬಂತು? ನಂಬಿರಲಿಲ್ಲ ಎನ್ನುವುದಾದರೆ ನನಗೆ ಯಾಕೆ ಹೊಡೆದರು? ದಿನಾ ತಪ್ಪದೆ ಲಿಂಗಪೂಜೆ ಮಾಡುತ್ತಿದ್ದ ಹೆಂಗಸು. ಒಮ್ಮೆ ಧೈರ್ಯ ಮಾಡಿ ಕೇಳಿದೆ. ಹಂಜಿ ಮಾಡುತ್ತಿದ್ದವರು ಕೈ ನಿಲ್ಲಿಸಿ ಯೋಚಿಸಿದರು. "ನಂಗೂ ಗೊತ್ತಿಲ್ಲ ಕೂಸೇ. ಶಿವ ಕೇಳ್ದಾಗ ನೋಡ್ಕೊಳ್ತೀನಿ" ಎಂದರು.

ಅಂದಿನಿಂದ ಪಾಠ ಎರಡಾಯಿತು. ಜಗಲಿಯ ಮೇಲೆ ಸ್ವಲ್ಪ ಹೊತ್ತು ನಾವಿಬ್ಬರೂ ಸೇರಿ ಎಳೆ ಹರಿಯುತ್ತಿದ್ದೆವು. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ನಿಜವಾದ ಪಾಠ. ನಾನು ಅವರ ಎದುರಿಗೆ ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂರುತ್ತಿದ್ದೆ. ಅವರ ಎಡಗೈ ಮಾಡಿದ್ದನ್ನು, ಕನ್ನಡಿ ನೋಡಿಕೊಂಡು ಮಾಡುವ ಹಾಗೆ, ನನ್ನ ಬಲಗೈ ಮಾಡುತ್ತಿತ್ತು. ಒಳಗೆ ಕೂತ ಅಜ್ಜಿ "ಹಿಡಿ, ಬಿಡು" ಅನ್ನುತ್ತಲೇ ಇರಲಿಲ್ಲ. "ನೂಲು ತಾನಾಗೇ ಕೇಳ್ತದೆ, ಕೇಳ್ದಷ್ಟು ಕೊಡು" ಅನ್ನುವರು, ಅಷ್ಟೇ. ಒಂದು ದಿನ ಇದ್ದಕ್ಕಿದ್ದಂತೆ ನನ್ನ ಕೈಗೂ ಅದು ಕೇಳಿಸಿತು. ಎಳೆ ಹರಿಯದೆ ಮೇಲೇರಿತು. ನಾನು ಕಿರುಚಿಬಿಟ್ಟೆ. ಅಜ್ಜಿ ನನ್ನ ಬಾಯಿ ಮುಚ್ಚಿ ತಾವೇ ನಕ್ಕರು. ಅವರು ಹಾಗೆ ನಕ್ಕದ್ದನ್ನು ಬೀದಿಯವರು ಯಾರೂ ಕಂಡಿರಲಾರರು.

ತಕಲಿ ಅವರದು ಎಡಕ್ಕೆ ಸುತ್ತುತ್ತಿತ್ತು, ನನ್ನದು ಬಲಕ್ಕೆ. ಅದು ನನ್ನ ಗಮನಕ್ಕೆ ಬರಲಿಲ್ಲ, ಅವರ ಗಮನಕ್ಕೂ ಬರಲಿಲ್ಲ.

ನನ್ನ ಅಣ್ಣನ ಮದುವೆ ಗೊತ್ತಾಯಿತು. ಹೊಸ ಶಿವದಾರ ಅಜ್ಜಿಯದೇ ಎಂದು ಅವ್ವ ಹೇಳಿದ್ದಳು. ಮದುವೆ ಹತ್ತಿರ ಬಂದಾಗ ಅಜ್ಜಿಗೆ ಚಳಿಜ್ವರ ಹಿಡಿಯಿತು. ಎದ್ದು ಕೂರಲಾರರು, ನೂತಿಟ್ಟ ನೂಲು ಅರ್ಧಕ್ಕೂ ಸಾಲದು. ನಾನು ನನ್ನ ನೂಲು ತಂದು ತೋರಿಸಿದೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು, ಬೆರಳಲ್ಲಿ ಎಳೆದು ನೋಡಿದರು. "ನಂದಕ್ಕಿಂತ ಏನೂ ಕಮ್ಮಿ ಇಲ್ಲ. ನಿಮ್ಮಣ್ಣಂಗೆ ತಾನೆ, ನಿಂದೂ ಸೇರ್ಲಿ ಬಿಡು" ಎಂದರು. ಆ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ.

ಹೇಗೋ ಎದ್ದು ಹೊಸೆಯಲು ಕೂತರೆ ದಾರ ಕೂಡಿಕೊಳ್ಳಲೇ ಇಲ್ಲ. ಅವರ ಎಳೆಗಳು ಸಡಿಲಾಗಿ ಸುಮ್ಮನೆ ಬಿದ್ದಿರುತ್ತಿದ್ದವು. ನನ್ನವು ಮಾತ್ರ ಮತ್ತಷ್ಟು ಹುರಿಗೊಂಡು, ಗಿಡ್ಡಗಾಗಿ, ಅಲ್ಲಲ್ಲಿ ಮುರುಟಿಕೊಂಡವು. ಅಜ್ಜಿ ನೀರು ಹಚ್ಚಿ ಎಳೆದರು, ಬಿಚ್ಚಿ ಮತ್ತೆ ಹೊಸೆದರು. "ಯಾಕೋ ಹೊಂದ್ಕೊಳ್ತಿಲ್ಲವಲ್ಲೇ" ಎಂದು ಒಮ್ಮೆ ದಾರವನ್ನು, ಒಮ್ಮೆ ನನ್ನನ್ನು ನೋಡಿದರು. ಗುಟ್ಟಾಗಿ ನೂಲುತ್ತಿದ್ದ ಆ ಹೆಂಗಸು ಜೀವಮಾನದಲ್ಲಿ ಎಂದೂ ಇನ್ನೊಬ್ಬರ ನೂಲನ್ನು ತಮ್ಮ ನೂಲಿನ ಜೊತೆ ಸೇರಿಸಿರಲಿಲ್ಲ. ಹಾಗಾಗಿ ಏನು ತಪ್ಪಿದೆ ಎಂದು ಅವರಿಗೆ ಹೊಳೆಯುವಂತೆಯೂ ಇರಲಿಲ್ಲ. ಜ್ವರದ ಕೈ, ಹೊತ್ತಿಲ್ಲ. ಹಾಗೆಯೇ ಗಂಟು ಹಾಕಿ ಕೊಟ್ಟರು.

ಛತ್ರದಲ್ಲಿ ಅಣ್ಣ ಹಸೆಮಣೆಯ ಮೇಲೆ ಕೂತಿದ್ದ. ಹಿರಿಯರಿಗೆ ನಮಸ್ಕಾರ ಮಾಡಲು ಬಗ್ಗಿದ. ಬಿಗಿದಿದ್ದ ಎಳೆಗಳು ಮೊದಲು ಹರಿದವು, ಸಡಿಲಿದ್ದವು ಗಂಟಿನಿಂದ ಜಾರಿಕೊಂಡವು, ಬೆಳ್ಳಿಯ ಕರಡಿಗೆ ಎದೆಯಿಂದ ಜಾರಿತು. ಪುಣ್ಯಕ್ಕೆ ಅವನು ಎರಡೂ ಕೈಯಲ್ಲಿ ಹಿಡಿದುಕೊಂಡ. ನೆಲ ಮುಟ್ಟಲಿಲ್ಲ. ಆದರೂ ಓಲಗ ನಿಂತುಹೋಯಿತು, ಹೆಣ್ಣಿನ ಕಡೆಯವರ ಮುಖ ಕಪ್ಪಿಟ್ಟಿತು, ಅವ್ವ ಅಲ್ಲೇ ಕುಸಿದಳು.

ತುಮಕೂರಿಂದ ಬಂದಿದ್ದ ನನ್ನ ದೊಡ್ಡತ್ತೆ, ಅಂದರೆ ಅಪ್ಪಾಜಿಯ ಅಕ್ಕ, ಆ ದಾರವನ್ನು ಕೈಗೆ ತೆಗೆದುಕೊಂಡರು. ಅವರೂ ನೂಲು ಬಲ್ಲವರು. ಎಳೆ ಎಳೆಯಾಗಿ ಬಿಡಿಸಿ, ಒಂದೊಂದನ್ನೂ ಬೆರಳಲ್ಲಿ ಹೊರಳಿಸಿ ನೋಡಿದರು.

"ಇದು ಬಲಹುರಿ. ಇದು ಎಡಹುರಿ. ಎರಡೂ ಸೇರ್ಸಿ ಹೊಸೆದ್ರೆ ಒಂದು ಬಿಗೀತದೆ, ಇನ್ನೊಂದು ಬಿಚ್ಕೊಳ್ತದೆ, ದಾರ ಎಲ್ ನಿಲ್ತದೆ? ಯಾರೋ ಎಡಗೈಲಿ ನೂತಿದ್ದಾರೆ ಇದನ್ನ. ಲಿಂಗದ ದಾರಾನ! ಯಾರದು?"

ಎಲ್ಲರೂ ಅಜ್ಜಿಯ ಕಡೆ ತಿರುಗಿದರು. ಅವರು ಎಂದಿನಂತೆ ಮುಂದೆ ಕೂತಿದ್ದರು, ಜ್ವರ ಬಿಟ್ಟ ಬಾಡಿದ ಮುಖ, ಎಡಗೈ ಸೆರಗಿನೊಳಗೆ. ಅಜ್ಜಿ ನನ್ನನ್ನು ನೋಡಿದರು. ಆಮೇಲೆ ಬಲಗೈ ಎತ್ತಿ ನನ್ನ ಕಡೆ ತೋರಿಸಿದರು.

"ಮಗು ನೂತಿದ್ದೂ ಒಂಚೂರು ಸೇರಿದೆ. ಅವಳ ಕೈ ಎಡಕ್ಕೆ ಹೋಗ್ತದೆ. ನಾನು ನೋಡ್ಕೋಬೇಕಿತ್ತು."

ಎಷ್ಟು ಸಮಾಧಾನವಾಗಿ ಹೇಳಿದರೆಂದರೆ, ನನಗೇ ಒಂದು ಗಳಿಗೆ ನನ್ನ ಎಡಗೈ ಯಾವುದು, ಬಲಗೈ ಯಾವುದು ಎಂಬ ಅನುಮಾನ ಬಂತು. ಬಾಯಿ ತೆರೆದೆ. ಒಳಗೆ ನೋಡಿದ್ದು ಹೇಳಬೇಡ ಅಂದಿದ್ದರಲ್ಲ, ಅದು ಅಡ್ಡ ಬಂತು. ದೊಡ್ಡತ್ತೆ ನನ್ನ ಕೆನ್ನೆಗೊಂದು ಬಿಟ್ಟರು. ಯಾರೋ ಅಂಗಡಿಯ ದಾರ ತಂದರು, ಮದುವೆ ಮುಂದುವರಿಯಿತು. ಅಜ್ಜಿಯ ಜಾಗ ಅಜ್ಜಿಗೆ ಉಳಿಯಿತು.

ಆಮೇಲೆ ಬಹಳ ದಿನ ಅವ್ವ ಊಟಕ್ಕೆ ಕೂತಾಗ ನನ್ನ ಎಡಗೈಗೆ ಬಟ್ಟೆ ಸುತ್ತುತ್ತಿದ್ದಳು. ನಾನು ಹುಟ್ಟಿದಾಗಿನಿಂದ ಬಲಗೈಯಲ್ಲೇ ತಿನ್ನುವುದನ್ನು ಅವಳೇ ಕಂಡಿದ್ದಳು. ಆದರೆ ತುಂಬಿದ ಛತ್ರದಲ್ಲಿ ಹಿರಿಯರು ಆಡಿದ ಮಾತಿನ ಮುಂದೆ ಅವಳ ಕಣ್ಣು ಅವಳಿಗೇ ಸುಳ್ಳಾಗಿತ್ತು. ನನಗೆ ಬಟ್ಟೆಯಿಂದ ತೊಂದರೆ ಏನೂ ಇರಲಿಲ್ಲ. ಅವಮಾನ ಮಾತ್ರ ಬೆಟ್ಟದಷ್ಟಿತ್ತು. ಅಜ್ಜಿಯ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವರ ಮನೆ ಕಡೆ ತಲೆ ಹಾಕುವುದನ್ನೇ ಬಿಟ್ಟೆ. ಬೀದಿಯಲ್ಲಿ ಎದುರಾದರೆ ಕೆಳಗೆ ನೋಡಿಕೊಂಡು ಹೋಗುತ್ತಿದ್ದೆ, ಅವರೂ ಹಾಗೆಯೇ ಹೋಗುತ್ತಿದ್ದರು. ಆದರೂ ತಕಲಿಯನ್ನು ಮಾತ್ರ ಬಿಡಲಾಗಲಿಲ್ಲ. ಒಮ್ಮೆ ನೂಲು ಕೇಳಿಸಿದ ಕೈ ಸುಮ್ಮನಿರುವುದಿಲ್ಲ ಎಂದು ತೋರುತ್ತದೆ.

ಅದಾದ ಮೇಲೆ ಅಜ್ಜಿ ವಿಚಿತ್ರವಾಗಿ ಆಡತೊಡಗಿದರು. ಬೆಳಿಗ್ಗೆ ಪೂಜೆ ಮುಗಿಸಿ ಜಗಲಿಗೆ ಬಂದು ಕೂತರೆ ಸಂಜೆಯ ತನಕ ನೂಲುವುದು, ಬಲಗೈಯಲ್ಲಿ. ಎಳೆ ಹರಿಯುವುದು, ತಕಲಿ ಉರುಳುವುದು, ಎದ್ದು ಹೋಗಿ ಎತ್ತಿಕೊಂಡು ಬರುವುದು, ಮತ್ತೆ ಕೂರುವುದು. ನಮ್ಮ ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ದಾರ ಕೇಳಿ ಬಂದವರಿಗೆ ಆ ಗಂಟುಗಂಟಿನ ನೂಲನ್ನೇ ಹೊಸೆದು ಕೊಟ್ಟರು. "ಅಜ್ಜಿಗೆ ವಯಸ್ಸಾಯ್ತು" ಅಂದರು ಜನ. ಬರುವವರು ಕಡಿಮೆಯಾದರು, ಆಮೇಲೆ ನಿಂತೇ ಹೋದರು. ಮದುವೆಗಳಿಗೆ ಕರೆಯುವವರೂ ಇಲ್ಲವಾದರು. ಯಾವುದನ್ನು ಉಳಿಸಿಕೊಳ್ಳಲು ನನ್ನ ಕಡೆ ಬೆರಳು ತೋರಿಸಿದರೋ ಅದನ್ನು ತಾವಾಗಿ ಯಾಕೆ ಕಳೆದುಕೊಳ್ಳುತ್ತಿದ್ದಾರೆ? ನನ್ನ ಮೇಲೆ ಸುಳ್ಳು ಹೇಳಿದ್ದಕ್ಕೆ ಶಿವನಿಗೆ ತಪ್ಪುಕಾಣಿಕೆ ಕಟ್ಟುತ್ತಿದ್ದಾರೋ? ಎಡಗೈಗೆ ಶಿಕ್ಷೆಯೋ? ಕಿಟಕಿಯಲ್ಲಿ ನಿಂತು ನೋಡಿದಷ್ಟೂ ನನ್ನ ಸಿಟ್ಟು ಗೋಜಲಾಗುತ್ತಿತ್ತು. ನಾನು ದೊಡ್ಡವಳಾದೆ, ಅವರು ಬಲಗೈಯಲ್ಲಿ ನೂಲುತ್ತಲೇ ಇದ್ದರು.

ಕನ್ನಡದವರೆಲ್ಲ ಒಂದೇ ರಾಜ್ಯವಾಗುವ ಮಾತು ಎಲ್ಲರ ಬಾಯಲ್ಲಿದ್ದಾಗ ನನ್ನ ಮದುವೆ ನಿಶ್ಚಯವಾಯಿತು, ಶೇಷಾದ್ರಿಪುರಂನ ಮನೆಗೆ. ಮರುದಿನವೇ ಅಜ್ಜಿ ನಮ್ಮ ಹೊಸಿಲ ಬಳಿ ಬಂದು ನಿಂತರು. ಒಳಗೆ ಬರಲಿಲ್ಲ.

"ನೀನು ನೂತಿರೋ ನೂಲು ಐತಾ?" ಎಂದು ಕೇಳಿದರು. ಇಷ್ಟು ವರ್ಷದ ಮೇಲೆ ಅದೇ ಮೊದಲ ಮಾತು.

"ಐತೆ."

"ತಗೊಂಡ್ ಬಾ. ನಿಮ್ಮವ್ವನ್ನೂ ಕರ್ಕೊಂಡ್ ಬಾ."

ಹೋದೆವು. ಬೀದಿ ಬಾಗಿಲು ಹಾರು ಹೊಡೆದಿತ್ತು. ಅಜ್ಜಿ ತಾವು ನೂತ ನೂಲನ್ನು ಮುಂದಿಟ್ಟರು. ಅಲ್ಲಲ್ಲಿ ದಪ್ಪ, ಅಲ್ಲಲ್ಲಿ ಗಂಟು, ಆದರೂ ಉದ್ದಕ್ಕೂ ಎಲ್ಲೂ ಹರಿಯದ ನೂಲು. ನನ್ನ ಎಳೆಗಳನ್ನು ಅದರ ಪಕ್ಕ ಇಟ್ಟು, ಒಂದು ತುದಿ ನನ್ನ ಕೈಗೆ ಕೊಟ್ಟು ಹೊಸೆಯತೊಡಗಿದರು. ನಾನು ಬಗ್ಗಿ ನೋಡಿದೆ. ನನ್ನ ಎಳೆ ಮುರುಟಲಿಲ್ಲ, ಅವರದು ಸಡಿಲಾಗಲಿಲ್ಲ. ಎರಡೂ ಒಂದರೊಳಗೊಂದು ಹೋಗಿ ಸುಮ್ಮನೆ ಕೂತವು.

"ಎಳಿ" ಎಂದರು. ಎಳೆದೆ. "ಇನ್ನೂ ಜೋರಾಗಿ ಎಳಿ." ಬಲವೆಲ್ಲ ಹಾಕಿ ಎಳೆದೆ. ಅಜ್ಜಿಯೇ ಕೂತಲ್ಲಿಂದ ಮುಂದಕ್ಕೆ ಬಂದರು, ದಾರ ಹರಿಯಲಿಲ್ಲ.

"ನಿಮ್ಮ ಎಡಗೈದು ಬೇಕಾಗಿತ್ತು ಅಜ್ಜಿ, ಸಣ್ಣದು" ಎಂದುಬಿಟ್ಟೆ. ಹೇಳಿದ ಮೇಲೆ ಅವ್ವ ಪಕ್ಕದಲ್ಲಿರುವುದು ನೆನಪಾಗಿ ನಾಲಿಗೆ ಕಚ್ಚಿಕೊಂಡೆ.

"ಅದು ನಿಂದರ ಜೊತೆ ಸೇರಲ್ಲವಲ್ಲೇ" ಎಂದರು ಅಜ್ಜಿ.

ಆ ದಾರದಲ್ಲಿ ಅವರ ಗಂಟುಗಳು ಈಗಲೂ ನನ್ನ ಎದೆಗೆ ಒತ್ತುತ್ತವೆ. ನಾನು ಶೇಷಾದ್ರಿಪುರಂಗೆ ಹೋದ ಮೇಲೆ ಹೆಚ್ಚು ಕಾಲ ಅವರು ಇರಲಿಲ್ಲ. ಲಿಂಗೈಕ್ಯರಾದ ಸುದ್ದಿ ನನಗೆ ಮುಟ್ಟಿದಾಗ ಎಲ್ಲ ಮುಗಿದಿತ್ತು. ಅವರ ಮನೆಯಲ್ಲಿ ನಾನು ಕೂತದ್ದು ದಾರ ಹೊಸೆದ ಆ ಮಧ್ಯಾಹ್ನವೇ ಕೊನೆ. ಎಡಗೈಯನ್ನು ಅವರು ದಾರದಿಂದ ದೂರವಿಟ್ಟದ್ದು ಶಿವನ ಭಯಕ್ಕೋ ನನಗಾಗಿಯೋ ಎಂದು ನಾನು ಎಷ್ಟೋ ಸಲ ತಲೆ ಕೆಡಿಸಿಕೊಂಡಿದ್ದೇನೆ. ಶಿವನ ಭಯಕ್ಕೇ ಆಗಿದ್ದರೆ, ದಾರ ಗಂಟು ಹಾಕಿದ ಮೇಲೆ ಅವರು ಮಾಡಿದ್ದಕ್ಕೆ ಅರ್ಥವೇ ಇಲ್ಲ.

ಅಂದು ಅವರು ಎದ್ದು ಒಳಗೆ ಹೋಗಿ ಕಾಫಿ ತಂದರು. ಅವ್ವ ರೂಢಿಯಂತೆ ಸೀರೆಯ ನೆರಿಗೆ ಒಟ್ಟುಮಾಡಿಕೊಂಡು ಹಿಂದಕ್ಕೆ ಸರಿದಳು. ತೆರೆದ ಬಾಗಿಲ ಎದುರು, ಬೀದಿಯವರು ಯಾರು ಬೇಕಾದರೂ ನೋಡಬಹುದಾದ ಕಡೆ ನಿಂತು, ಅಜ್ಜಿ ಸೆರಗಿನಿಂದ ಎಡಗೈ ಹೊರತೆಗೆದು ಅಂಚಿನವರೆಗೆ ತುಂಬಿದ ಲೋಟವನ್ನು ಅವ್ವನಿಗೆ ಚಾಚಿದರು. ಒಂದು ತೊಟ್ಟೂ ಚೆಲ್ಲಲಿಲ್ಲ.

ಅವ್ವ ಆ ಕೈ ನೋಡಿದಳು. ಆಮೇಲೆ ತಾನು ಬಟ್ಟೆ ಸುತ್ತುತ್ತಿದ್ದ ನನ್ನ ಕೈ ನೋಡಿದಳು. ಅವಳ ಕಣ್ಣು ತುಂಬಿ ಬಂತು. ಎರಡೂ ಕೈ ಚಾಚಿ ಲೋಟ ತೆಗೆದುಕೊಂಡು, ಬಿಸಿಯಿದ್ದ ಹಾಗೆಯೇ ಕುಡಿದಳು.